ನಳ ಬರೋ ರಾತ್ರಿ

ನಮ್ಮ ಗಲ್ಲಿಗೆ ಐದು ದಿನಕ್ಕೊಮ್ಮೆ ನೀರು,
ಅದೂ ನಡುರಾತ್ರಿ, ಎರಡಕ್ಕೋ ಮೂರಕ್ಕೋ.
ಪೈಪಿನ ಗಂಟಲಾಗ ಗಾಳಿ ಕೆಮ್ಮೂಕಿಂತ ಮೊದಲ
ನಮ್ಮ ರೇವಣನ ಕಿವಿಗೆ ಅದು ಮುಟ್ಟಿರತೈತಿ.
ಎದ್ದು ಕುಂತು, ಹಸಿ ಅರಿವಿ ಝಾಡಿಸಿದಂಗ
ಎರಡೂ ಕೈ ಝಾಡಿಸಿಕೋತ ನಗತಾನ.
ಎದುರುಮನಿ ಪದ್ಮಾಬಾಯಿ ಈಗ ಅಲಾರಾಂ ಇಡೂದಿಲ್ಲ.
"ನಿಮ್ಮ ಹುಡುಗ ನಕ್ಕ, ನಾ ಕೊಡ ತಗೊಂಡು ಬಂದೆ" ಅಂತಾಳ.
ಏಳು ವರ್ಷದ ಕೂಸು, ಇಡೀ ಗಲ್ಲಿಗೆ ಬೇಕಾಗ್ಯಾನ.
ಇದನ್ನ ಅಂವಗ ಹೇಳಬೇಕಂತ ಎಷ್ಟೋ ಸಲ ಅನ್ನಿಸೈತಿ.

ಅಂವ ಗೋಡಿ ಕಡೆ ಮುಖ ಮಾಡಿ ಮಲಗಿರತಾನ.
ನಿದ್ದಿ ಹತ್ತಿರೂದಿಲ್ಲ, ನನಗ ಗೊತ್ತು.
ನಿದ್ದಿ ಹತ್ತಿದವರ ಬೆನ್ನು
ಅಷ್ಟು ಗಟ್ಟಿ ಇರೂದಿಲ್ಲ.

ಮೂರು ವರ್ಷದ ಹಿಂದ, ವಿಜಾಪುರ ರೋಡಿನ ದವಾಖಾನಿ.
ಡಾಕ್ಟರಬಾಯಿ ಮರಾಠಿಯಾಗ ಒಂದೊಂದ ಕೇಳಿದಳು,
ನಾ ಮನಸಿನ್ಯಾಗ ಕನ್ನಡ ಮಾಡಿಕೊಂಡೆ:
ಹೆಸರು ಹಿಡಿದು ಕರೆದರ ತಿರುಗಿ ನೋಡತಾನೇನು?
ಕಣ್ಣಾಗ ಕಣ್ಣಿಟ್ಟು?
ನೀವು ಅತ್ತರ ಹತ್ತರ ಬರತಾನೇನು?
ಬೇಕಾದದ್ದನ್ನ ಬೊಟ್ಟು ಮಾಡಿ ತೋರಸ್ತಾನೋ,
ನಿಮ್ಮ ಕೈ ಹಿಡಿದು ಎಳಕೊಂಡು ಹೋಗತಾನೋ?
ಎಳೀತಾನ, ಅಂದೆ. ನಳದ ಕಡೆ.
ಉಳಿದದ್ದಕ್ಕೆಲ್ಲಾ ಇಲ್ಲರಿ, ಇಲ್ಲರಿ.
ಬಾಜೂಕ ಕುಂತಾಂವ ತನ್ನ ಚಪ್ಪಲಿಯ ಉಂಗುಟ ನೋಡತಿದ್ದ.

ಆ ಕಾಗದ ಇನ್ನೂ ಟ್ರಂಕಿನ್ಯಾಗ ಐತಿ.
ಮೊನ್ನೆ ತೆಗೆದು ಓದಿದೆ, ಹುಡುಗನ್ನ ಬಿಟ್ಟು
ಅಂವನ್ನ ನೆನಸಿಕೋತ.
ಒಂದಕ್ಕೂ ಹೂಂ ಬರಲಿಲ್ಲ.
ಕೈ ಹಿಡಿದು ಎಳಿಯೂದೂ ಇಲ್ಲ.

ಕೆಟ್ಟಾಂವ ಅಂತ ಹ್ಯಾಂಗ ಹೇಳಲಿ.
ಟಾವೆಲ್ ಕಾರಖಾನಿಯಾಗ ಎರಡು ಪಾಳಿ ದುಡೀತಾನ.
ಥೆರಪಿ ರೊಕ್ಕ ಒಂದನೇ ತಾರೀಖಿಗೆ
ಫ್ರಿಜ್ಜಿನ ಮ್ಯಾಲ, ಶೇಂಗಾ ಚಟ್ನಿ ಡಬ್ಬಿ ಕೆಳಗ.
ರೇವಣಗ ಚುಚ್ಚತೈತಂತ ಅಂಗಿ ಕೊರಳಿನ ಚೀಟಿ ಎಲ್ಲಾ
ಬ್ಲೇಡ್ ಹಿಡಿದು, ದಾರ ಹರೀದಂಗ, ಬಿಡಿಸಿದಾಂವ ಅಂವನ.
ಬಿಡಿಸಿ ಅಂಗಿ ನನ್ನ ಕೈಯಾಗ ಕೊಟ್ಟ.
ಹುಡುಗಗ ತೊಡಸಲಿಲ್ಲ.

ಚಹಾದ ಖಾಜಾಭಾಯಿ ತಿಳೀದ ಹೇಳಿಬಿಟ್ಟ:
"ದಿನಾ ಸಂಜಿಕ ಹಳೇ ಗಿರಣಿ ಗೇಟಿನ ಮುಂದ
ಗಾಡಿ ನಿಲ್ಲಿಸಿ ಅರ್ಧಾ ತಾಸು ಕೂಡತಾರ, ಭಾಭಿ,
ಚಹಾನೂ ಬ್ಯಾಡ ಅಂತಾರ."
ಸಿಟ್ಟು ಬರಬೇಕಿತ್ತು.
ಬಂದದ್ದು ಹೊಟ್ಟಿಕಿಚ್ಚು.
ಅರ್ಧಾ ತಾಸು! ಕೀಲಿ ಹಾಕಿದ ಗೇಟು, ಹೊಗಿ ಇಲ್ಲದ ಚಿಮಣಿ,
ಯಾರೂ ಏನೂ ಕೇಳೂದಿಲ್ಲ.
ನನಗ್ಯಾಕ ಹೊಳೀಲಿಲ್ಲ ಇದು?

ಮದುವಿ ದಿನ ಹೊಸ್ತಿಲಾಗ ಅಡ್ಡ ನಿಂತು ಒಡಪು ಹಾಕಂದ್ರು.
"ಅಕ್ಕಲಕೋಟಿ ಹಾದ್ಯಾಗ ಹುಣಸಿ ಗಿಡದ ನೆರಳು,
ಚನ್ನವೀರರಾಯರ ಕೈಯಾಗ ನನ್ನ ಹತ್ತೂ ಬೆರಳು."
ಮಂದಿ ಹೋ ಅಂದ್ರು. ಅಂವ ಕಿವಿ ಕೆಂಪಗ ಮಾಡಿಕೊಂಡು ನಕ್ಕಿದ್ದ.
ಆಮ್ಯಾಲ ಆ ಹೆಸರು ಬಾಯಾಗ ಬರಲಿಲ್ಲ.
"ರೀ" ಅಂತಿದ್ದೆ. ಈಗೀಗ ಅದೂ ಇಲ್ಲ,
ಗಂಗಾಳದ ಸಪ್ಪಳ ಮಾಡಿದರ ಊಟಕ್ಕ ಬರತಾನ.

ನಿನ್ನೆ ನಳ ಬಂತು. ರೇವಣ ನಕ್ಕ.
ನಾ ಏಳಲಿಲ್ಲ.
ಕತ್ತಲಾಗ ಆ ಬೆನ್ನಿಗೆ,
ಒಡಪಿಲ್ಲದ, ರಾಯರಿಲ್ಲದ,
"ಚನ್ನವೀರ" ಅಂದೆ.

ಬೆನ್ನು ಒಂದು ಸಲ ಉಸಿರು ಹಿಡೀತು.
ತಿರುಗಲಿಲ್ಲ.
ಹೊರಗ ಬಕೀಟು ತುಂಬಿ ಚೆಲ್ಲಾಕ ಹತ್ತಿತ್ತು,
ಐದು ದಿನದ ನೀರು, ಚೆಲ್ಲಲಿ ಅಂತ ಹಂಗ ಬಿದ್ದುಕೊಂಡೆ.
ಎಷ್ಟೋ ಹೊತ್ತಿನ ಮ್ಯಾಲ ಎದ್ದ, ಲುಂಗಿ ಬಿಗಿದ,
ನಳ ಬಂದ್ ಮಾಡಾಕ ಹ್ವಾದ.
ಬಾಗಿಲ ಸಂದ್ಯಾಗ ಇಷ್ಟ ಕಂಡಿತು:
ರೇವಣ ಅಂವನ ಮುಖ ನೋಡದ
ಮುಂಗೈ ಹಿಡಿದು ಎಳದ, ನೀರಿನ ಕೆಳಗ ಇಟ್ಟ.
ತಕ್ಕೊಂಡನೋ, ಹಂಗ ಇಟ್ಟಿದ್ದನೋ,
ನಾ ನೋಡಲಿಲ್ಲ.

ಅಂವನ ಜಾಗಾಕ್ಕ ಸರಿದು,
ಗೋಡಿ ಕಡೆ ಮುಖ ಮಾಡಿ ಮಲಕೊಂಡೆ.
ಪೈಪು ಈ ಗೋಡಿಯೊಳಗ ಹಾದೈತಿ.
ನೀರಿನ ಸಪ್ಪಳ, ಹುಡುಗನ ನಗಿ,
ನನ್ನ ಜಾಗಾಕಿಂತ
ಇಲ್ಲೇ ಹೆಚ್ಚು ಕೇಳಸ್ತೈತಿ.